ಒಂದು ಲೀಟರ್ ಪೊಟ್ಟಣ, ಒಂದು ಪುಟ್ಟ ಬಾಟಲಿ: ಹೊಟ್ಟೆ ಕೆಟ್ಟ ಮಗುವಿನ ಒಂದು ಪ್ರಕರಣ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ವಾಂತಿ ಭೇದಿ ಆದ ಮಕ್ಕಳನ್ನು ನೋಡದ ವಾರವೇ ಇಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲೇ ಹುಷಾರಾಗುತ್ತಾರೆ, ಆಸ್ಪತ್ರೆಯ ಮುಖ ನೋಡುವುದೇ ಇಲ್ಲ. ಈ ಮಗು ಕೂಡ ಹಾಗೇ ಹುಷಾರಾಗಬೇಕಿತ್ತು. ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣವೂ ಇತ್ತು, ತಾಯಿ ಓದಿಕೊಂಡವಳು. ಆದರೂ ಒಂದೇ ಮಧ್ಯಾಹ್ನದಲ್ಲಿ ಪರಿಸ್ಥಿತಿ ಕೈ ಮೀರುವ ಹಂತಕ್ಕೆ ಬಂತು. ಅದು ಹೇಗಾಯಿತು, ಎಲ್ಲಿ ತಿರುಗಿತು ಅಂತ ಬಿಡಿಸಿ ಬರೆಯಿರಿ ಅಕ್ಕ, ಇನ್ನೊಂದು ಮನೆಗೆ ಉಪಯೋಗ ಆಗಲಿ ಅಂತ ಆ ತಾಯಿಯೇ ಹೇಳಿದಳು. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುತ್ತೇನೆ.

ಹಿನ್ನೆಲೆ

ಪುಟ್ಟಿಗೆ 16 ತಿಂಗಳು. ನಡೆಯಲು ಶುರು ಮಾಡಿ ಎರಡು ತಿಂಗಳಾಗಿತ್ತು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಊಟ ಎಲ್ಲ ಶುರುವಾಗಿತ್ತು, ಜೊತೆಗೆ ಬೆಳಗ್ಗೆ ಮತ್ತು ರಾತ್ರಿ ಎದೆಹಾಲೂ ಕುಡಿಯುತ್ತಿದ್ದಳು. ಲಸಿಕೆಗಳೆಲ್ಲ ಸಮಯಕ್ಕೆ ಆಗಿದ್ದವು. ಹತ್ತು ದಿನ ಹಿಂದಷ್ಟೇ ಡಾಕ್ಟರ ಹತ್ತಿರ ತೂಕ ಮಾಡಿಸಿದ್ದರು, 9.9 ಕೆ.ಜಿ. ಆ ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿತ್ತು. ಅದು ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅಪ್ಪ, ಅಮ್ಮ, ಐದು ವರ್ಷದ ಅಣ್ಣ, ಮತ್ತೆ ಅಜ್ಜಿ, ಅಂದರೆ ಅಪ್ಪನ ತಾಯಿ. ಆ ವಾರ ಅಣ್ಣನಿಗೆ ಒಂದು ದಿನ ವಾಂತಿಯಾಗಿ ತಾನಾಗಿಯೇ ನಿಂತಿತ್ತು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಗುರುವಾರ ರಾತ್ರಿ 11ರ ಹೊತ್ತಿಗೆ ಪುಟ್ಟಿ ಮೊದಲ ಸಲ ವಾಂತಿ ಮಾಡಿದಳು. ಬೆಳಗಾಗುವುದರೊಳಗೆ ಇನ್ನೂ ಮೂರು ಸಲ. ಬೆಳಗ್ಗೆ ಮೈ ಸ್ವಲ್ಪ ಬೆಚ್ಚಗಿತ್ತು, ಆಮೇಲೆ ನೀರು ನೀರಾಗಿ ಭೇದಿ ಶುರುವಾಯಿತು. ಚಿಕ್ಕ ಮಕ್ಕಳಲ್ಲಿ ವೈರಸ್ಸಿನಿಂದ ಹೊಟ್ಟೆ ಕೆಟ್ಟರೆ ಬಹಳ ಸಲ ಇದೇ ಕ್ರಮ, ಮೊದಲು ವಾಂತಿ, ಹಿಂದೆಯೇ ಭೇದಿ. ವಾಂತಿ ಒಂದೆರಡು ದಿನಕ್ಕೆ ನಿಲ್ಲುತ್ತದೆ, ಭೇದಿ ಐದಾರು ದಿನ, ಕೆಲವೊಮ್ಮೆ ವಾರ ಎಳೆಯುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಗಾಬರಿ ತಪ್ಪುತ್ತದೆ.

ಶುಕ್ರವಾರ ಮನೆಯಲ್ಲಿ ಮಾಡಿದ್ದು

ಮನೆಯಲ್ಲಿ ಎಲ್ಲರ ಗಮನ ಒಂದೇ ಕಡೆ ಇತ್ತು: ಭೇದಿ ನಿಲ್ಲಬೇಕು. ಸಹಜವೇ ಅಲ್ವಾ, ಕಣ್ಣಿಗೆ ಕಾಣುವುದು ಅದೇ ತಾನೇ.

ಅಜ್ಜಿ ಹೇಳಿದ್ದು, "ಹೊಟ್ಟೆಗೆ ಸ್ವಲ್ಪ ಬಿಡುವು ಕೊಡಮ್ಮ. ಹಾಲು ಕುಡಿಸಬೇಡ, ಕುಡಿಸಿದಷ್ಟೂ ಹೋಗುತ್ತೆ." ಅಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಕುಡಿಸಿದ ಹದಿನೈದು ನಿಮಿಷಕ್ಕೆ ಮಗು ಭೇದಿ ಮಾಡುವುದನ್ನು ಕಣ್ಣಾರೆ ನೋಡಿದ್ದಳು. ಹಾಗಾಗಿ ಒಪ್ಪಿಕೊಂಡು ಬೆಳಗ್ಗಿನ ಎದೆಹಾಲು ನಿಲ್ಲಿಸಿದಳು. ಕುಡಿದ ಕೂಡಲೇ ಹೋಗುವುದು ಕುಡಿದ ಹಾಲೇ ಅಲ್ಲ. ಹೊಟ್ಟೆಗೆ ಏನಾದರೂ ಬಿದ್ದರೆ ಕರುಳು ಚುರುಕಾಗಿ ಕೆಳಗಿದ್ದದ್ದನ್ನು ತಳ್ಳುತ್ತದೆ, ಅಷ್ಟೇ. ಎದೆಹಾಲು ಭೇದಿಯಲ್ಲಿ ನಿಲ್ಲಿಸುವಂಥದ್ದಲ್ಲ, ಇನ್ನೂ ಹೆಚ್ಚು ಸಲ ಕೊಡಬೇಕಾದದ್ದು. ಅಜ್ಜಿಯನ್ನು ನಾನು ತಪ್ಪು ಅನ್ನಲಾರೆ. ಒಂದು ಕಾಲಕ್ಕೆ ಡಾಕ್ಟರುಗಳೇ ಹೊಟ್ಟೆಗೆ ಬಿಡುವು ಕೊಡಿ ಅಂತ ಹೇಳುತ್ತಿದ್ದರು.

ಅಪ್ಪ ಪ್ಯಾಕೆಟ್ಟಿನ ಹಣ್ಣಿನ ರಸ ತಂದರು. ಮಗು ಇಷ್ಟಪಟ್ಟು ಕುಡಿಯಿತು, ಎಲ್ಲರಿಗೂ ಸಮಾಧಾನ. ಒಂದು ಗಂಟೆಯಲ್ಲಿ ಮೂರು ಸಲ ಭೇದಿ. ಸಕ್ಕರೆ ಜಾಸ್ತಿ ಇರುವ ಯಾವ ಪಾನೀಯವೂ ಹೀಗೆಯೇ. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಮೈಯ ನೀರನ್ನೇ ಕರುಳಿನೊಳಕ್ಕೆ ಎಳೆಯುತ್ತದೆ. ನೀರು ಕೊಟ್ಟಂತೆ ಕಾಣುತ್ತದೆ, ನಿಜಕ್ಕೂ ಕಳೆದಂತಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅಮ್ಮನ ಅಣ್ಣ ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟರು. ದೊಡ್ಡವರು ಪ್ರಯಾಣದಲ್ಲಿ ಇಟ್ಟುಕೊಳ್ಳುವ ಭೇದಿ ನಿಲ್ಲಿಸುವ ಮಾತ್ರೆ ಮನೆಯಲ್ಲಿ ಇರುತ್ತಲ್ಲ, ಲೋಪೆರಮೈಡ್, ಅದರಲ್ಲಿ ಕಾಲು ಭಾಗ ಪುಡಿ ಮಾಡಿ ಕೊಡಿ ಅಂತ. ಅಪ್ಪ ಮಾತ್ರೆ ಹುಡುಕಿ ತೆಗೆದರು, ಚಾಕುವೂ ಕೈಯಲ್ಲಿತ್ತು. ಒಂದು ಸಲ ಹಾಳೆ ಓದೋಣ ಅಂತ ಒಳಗಿನ ಮಡಿಸಿದ ಕಾಗದ ಬಿಡಿಸಿದರು. ಚಿಕ್ಕ ಮಕ್ಕಳಿಗೆ ಕೊಡಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ಮಾತ್ರೆ ವಾಪಸ್ ಡಬ್ಬಿಗೆ ಹೋಯಿತು. ಈ ಪ್ರಕರಣದ ಮೊದಲ ಒಳ್ಳೆಯ ತಿರುವು ಇದು ಅಂತ ನನಗೆ ಅನ್ನಿಸುತ್ತದೆ. ಆ ಮಾತ್ರೆ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ. ಪುಟ್ಟ ಮಕ್ಕಳಲ್ಲಿ ಕರುಳು ಪೂರ್ತಿ ನಿಂತು ಹೊಟ್ಟೆ ಉಬ್ಬರಿಸಬಹುದು, ಮಗು ಮಂಪರಿಗೆ ಜಾರಬಹುದು. ಮಲ ಹೊರಗೆ ಬರುವುದು ನಿಂತರೂ ನೀರು ಕರುಳಿನಲ್ಲೇ ಸೇರಿಕೊಂಡಿರುತ್ತದೆ, ಮೈಗೆ ಸಿಕ್ಕಿರುವುದಿಲ್ಲ.

ಎರಡು ಗಂಟೆಗೆ ಅಮ್ಮ ಓಆರ್‌ಎಸ್ ಕಲಸಿದಳು. ಸರಿಯಾದ ನಿರ್ಧಾರವೇ. ಆದರೆ ಕೊಟ್ಟ ಮೇಲೆ ಮಗು ಇನ್ನೂ ಜಾಸ್ತಿ ಕಿರಿಕಿರಿ ಮಾಡಿತು. ಬಾಟಲಿ ಕಂಡರೆ ಮೊದಲು ಎಳೆದುಕೊಳ್ಳುವುದು, ಎರಡು ಗುಟುಕು ಕುಡಿದು ಮುಖ ಸಿಂಡರಿಸಿ ತಳ್ಳುವುದು, ಮತ್ತೆ ನೀರಿನ ಲೋಟ ಕಂಡ ಕಡೆ ಕೈ ಚಾಚಿ ಅಳುವುದು. ಸುಮಾರು 80 ಮಿ.ಲೀ. ಒಳಗೆ ಹೋಗಿತ್ತು, ಅದರಲ್ಲೂ ಸ್ವಲ್ಪ ವಾಂತಿಯಾಯಿತು. "ಓಆರ್‌ಎಸ್ ಕೂಡ ಇವಳಿಗೆ ಹಿಡಿಸ್ತಿಲ್ಲ" ಅಂತ ಮನೆಯವರೆಲ್ಲ ತೀರ್ಮಾನಿಸಿದರು.

ಆರನೇ ವಾಂತಿ, ಎಂಟನೇ ಭೇದಿ ಆದ ಮೇಲೆ ಅಮ್ಮ ನನಗೆ ಫೋನ್ ಮಾಡಿದಳು. ಆಗ ಸಂಜೆ ಐದೂವರೆ.

ಉತ್ತರ ಇಲ್ಲದ ಒಂದು ಪ್ರಶ್ನೆ

ಭೇದಿ ಎಷ್ಟು ಸಲ ಅಂತ ಕೇಳುವ ಮೊದಲೇ ಅಪ್ಪ ಪಟಪಟ ಹೇಳಿದರು. ಬಣ್ಣ, ವಾಸನೆ, ಎಲ್ಲ ವಿವರ ಇತ್ತು. ರಕ್ತ ಇಲ್ಲ, ಲೋಳೆ ಇಲ್ಲ. ವಾಂತಿಯಲ್ಲಿ ಹಸಿರು ಪಿತ್ತ ಇಲ್ಲ. ಇದೆಲ್ಲ ಒಳ್ಳೆಯ ಸುದ್ದಿಯೇ.

ನಾನು ಕೇಳಿದೆ, "ಉಚ್ಚೆ ಕೊನೆಗೆ ಯಾವಾಗ ಮಾಡಿದಳು?"

ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಬೆಳಗ್ಗೆ ಅಂದಳು, ಅಜ್ಜಿ ಮಧ್ಯಾಹ್ನ ಇರಬೇಕು ಅಂದರು. ಡಯಾಪರ್ ಹಾಕಿದ ಮಗುವಿನಲ್ಲಿ ಇದು ನಿಜಕ್ಕೂ ಕಷ್ಟ. ನೀರಿನಂಥ ಭೇದಿ ಆದಾಗ ಡಯಾಪರ್ ಒದ್ದೆಯಾಗಿಯೇ ಇರುತ್ತದೆ, ಉಚ್ಚೆ ಯಾವುದು ಮಲದ ನೀರು ಯಾವುದು ಅಂತ ತಿಳಿಯುವುದಿಲ್ಲ. ಹಾಗಾಗಿ ಒದ್ದೆ ಇದೆ ಅಂದುಕೊಂಡು ಮೋಸ ಹೋಗುತ್ತೇವೆ. ಆರರಿಂದ ಎಂಟು ಗಂಟೆ ಉಚ್ಚೆ ಆಗದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮನೆ ಹತ್ತಿರವೇ ಇದ್ದುದರಿಂದ ಹೋದೆ. ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಇದ್ದಳು, ಎಚ್ಚರ ಇತ್ತು, ಆದರೆ ಯಾವುದಕ್ಕೂ ಸಮಾಧಾನ ಇಲ್ಲ. ಕಣ್ಣು ಸ್ವಲ್ಪ ಗುಳಿ ಬಿದ್ದಿತ್ತು. ಅಳುತ್ತಿದ್ದಳು, ಕಣ್ಣೀರು ಮಾತ್ರ ಹೆಚ್ಚು ಇಲ್ಲ. ನನ್ನ ಬೆರಳು ತೊಳೆದುಕೊಂಡು ಕೆನ್ನೆಯ ಒಳಭಾಗ ಮುಟ್ಟಿ ನೋಡಿದೆ, ಅಂಟಂಟು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಾತ್ರ ಹೆಚ್ಚು ಕಡಿಮೆ ಕೂಡಲೇ ಕೆಳಗಿಳಿಯಿತು. ಅದು ನನಗೆ ಸ್ವಲ್ಪ ಗೊಂದಲ ತಂದಿತು. ಬೇರೆಲ್ಲ ಲಕ್ಷಣ ನೀರು ಕಡಿಮೆಯಾಗಿದೆ ಅನ್ನುತ್ತಿವೆ, ಚರ್ಮ ಮಾತ್ರ ಇಲ್ಲ ಅನ್ನುತ್ತಿದೆ.

"ಓಆರ್‌ಎಸ್ ಹೇಗೆ ಕಲಸಿದೆ, ತೋರಿಸಮ್ಮ" ಅಂದೆ.

ಅಡುಗೆಮನೆಯ ಕಟ್ಟೆಯ ಮೇಲೆ 200 ಮಿ.ಲೀ.ನ ಪುಟ್ಟ ಬಾಟಲಿ, ಪಕ್ಕದಲ್ಲಿ ಖಾಲಿ ಪೊಟ್ಟಣ. ಪೊಟ್ಟಣ ದೊಡ್ಡದು. ಎಷ್ಟು ನೀರಿಗೆ ಅಂತ ಹುಡುಕಿದೆ, ಸಿಗಲಿಲ್ಲ. ಮೂಲೆಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದರು, ಸಾಲು ಅಲ್ಲೇ ತುಂಡಾಗಿತ್ತು. ಕಸದ ಬುಟ್ಟಿಯಲ್ಲಿ ಆ ಮೂಲೆ ಸಿಕ್ಕಿತು. ಉಗುರಿನಷ್ಟು ದೊಡ್ಡ ತುಂಡು. ಅದನ್ನು ಪೊಟ್ಟಣಕ್ಕೆ ಜೋಡಿಸಿದಾಗ ಸಾಲು ಪೂರ್ತಿಯಾಯಿತು: 1 ಲೀಟರ್ ಕುಡಿಯುವ ನೀರಿನಲ್ಲಿ ಕರಗಿಸಿ.

ಅಮ್ಮನ ಮುಖ ಬಿಳಿಚಿಕೊಂಡಿತು. ಅವಳ ಮೊದಲ ಮಗುವಿಗೆ ಎರಡು ವರ್ಷ ಹಿಂದೆ ಹೀಗೇ ಆದಾಗ 200 ಮಿ.ಲೀ.ನ ಸಣ್ಣ ಪೊಟ್ಟಣ ತಂದಿದ್ದರಂತೆ, ಒಂದು ಪೊಟ್ಟಣಕ್ಕೆ ಒಂದು ಬಾಟಲಿ. ಕೈಗೆ ಅದೇ ರೂಢಿ. ಪೊಟ್ಟಣ ಎರಡು ಅಳತೆಯಲ್ಲಿ ಬರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮೇಲಾಗಿ ಸ್ವಲ್ಪ ಗಟ್ಟಿಯಾಗಿದ್ದರೆ ಶಕ್ತಿ ಜಾಸ್ತಿ ಅನ್ನುವ ಭಾವನೆ ನಮ್ಮೆಲ್ಲರ ತಲೆಯಲ್ಲೂ ಇರುತ್ತದೆ.

ಐದು ಪಟ್ಟು ಗಟ್ಟಿ ಅಂದರೆ ಏನು ಅಂತ ಲೆಕ್ಕದಲ್ಲೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರಿನ ಓಆರ್‌ಎಸ್‌ನಲ್ಲಿ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಈ ಅಳತೆ ಸುಮ್ನೆ ಬಂದದ್ದಲ್ಲ. ಕರುಳಿನ ಗೋಡೆಯಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುವ ಬಾಗಿಲಿದೆ. ಅವು ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಭೇದಿಯ ನಡುವೆಯೂ ಈ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ, ಓಆರ್‌ಎಸ್‌ನ ಗುಟ್ಟೇ ಅದು. ಆದರೆ ಅಳತೆ ಐದು ಪಟ್ಟಾದರೆ ಅದರ ಸೋಡಿಯಂ ಸಮುದ್ರದ ನೀರಿನ ಮುಕ್ಕಾಲು ಪಾಲಿಗೆ ಬರುತ್ತದೆ. ಆಗ ರಕ್ತದಲ್ಲಿ ಉಪ್ಪು ಏರುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ತೀರಾ ಏರಿದರೆ ಫಿಟ್ಸ್ ಕೂಡ ಬರಬಹುದು. ಚರ್ಮದ ಪರೀಕ್ಷೆ ಯಾಕೆ ಮೋಸ ಮಾಡಿತು ಅನ್ನುವುದೂ ಈಗ ಅರ್ಥವಾಯಿತು. ಉಪ್ಪು ಏರಿದ ಮಗುವಿನಲ್ಲಿ ನೀರು ಕಡಿಮೆಯಾದರೂ ಚರ್ಮ ಅಷ್ಟು ಬೇಗ ತೋರಿಸಿಕೊಡುವುದಿಲ್ಲ.

ಪುಟ್ಟಿ ನೀರಿನ ಲೋಟಕ್ಕೆ ಕೈ ಚಾಚಿ ಅತ್ತದ್ದು ಹಟ ಆಗಿರಲಿಲ್ಲ. ಅವಳು ಗಂಟೆಗಟ್ಟಲೆ ಸರಿಯಾದದ್ದನ್ನೇ ಕೇಳುತ್ತಿದ್ದಳು.

ಇಲ್ಲಿ ನನ್ನ ಮುಂದೆ ಎರಡು ದಾರಿ ಇತ್ತು. ಹೊಸದಾಗಿ ಸರಿಯಾಗಿ ಕಲಸಿ ಮನೆಯಲ್ಲೇ ಕುಡಿಸುವುದು, ಇಲ್ಲವೇ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಬರೀ ಭೇದಿ ಆಗಿದ್ದರೆ ಮೊದಲನೆಯದನ್ನೇ ಮಾಡುತ್ತಿದ್ದೆ. ಉಪ್ಪಿನ ವಿಷಯ ಇದ್ದಾಗ ಊಹೆಯ ಮೇಲೆ ನಡೆಯುವುದು ಬೇಡ ಅನ್ನಿಸಿತು. ಹಳೆಯ ದ್ರಾವಣ ಚೆಲ್ಲಿಸಿ, ಅಮ್ಮನ ಹತ್ತಿರ ಎದೆಹಾಲು ಕೊಡಿಸಿ, ಕತ್ತರಿಸಿದ ಪೊಟ್ಟಣ, ಬಾಟಲಿ, ತೂಕದ ಚೀಟಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆವು. ಪೊಟ್ಟಣ ಯಾಕೆ ಅಂತ ಅಪ್ಪ ಕೇಳಿದರು. ಡಾಕ್ಟರಿಗೆ "ಓಆರ್‌ಎಸ್ ಕೊಟ್ಟಿದ್ದೇವೆ" ಅಂತ ಮಾತ್ರ ಹೇಳಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ.

"ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ"

ತೂಕ 9.4 ಕೆ.ಜಿ. ಹತ್ತು ದಿನದ ಹಿಂದಿನ ಚೀಟಿಗೆ ಹೋಲಿಸಿದರೆ ಅರ್ಧ ಕೆ.ಜಿ. ಹೋಗಿದೆ, ಅಂದರೆ ಮೈತೂಕದ ಶೇಕಡಾ 5. ಚರ್ಮ, ಕಣ್ಣು, ಬಾಯಿ ಎಲ್ಲ ಸೇರಿ ಅಂದಾಜು ಹೇಳಿದರೆ ತಕ್ಕಡಿ ನೇರವಾಗಿ ಹೇಳಿತು. ರಕ್ತದಲ್ಲಿ ಸೋಡಿಯಂ 149 ಬಂತು. ಸಾಮಾನ್ಯವಾಗಿ 135ರಿಂದ 145ರ ಒಳಗೆ ಇರಬೇಕು. ಏರಿದೆ, ಆದರೆ ಇನ್ನೂ ಅಪಾಯದ ಮಟ್ಟಕ್ಕೆ ಹೋಗಿಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. "ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ, ಎಷ್ಟಾದರೂ ಆಗಲಿ" ಅಂದರು. ಡಾಕ್ಟರು ಬೇಡ ಅಂದರು. ಮಗು ಎಚ್ಚರವಾಗಿದೆ, ಕುಡಿಯುತ್ತಿದೆ, ಹೊಟ್ಟೆ ಮೆತ್ತಗಿದೆ. ಹೀಗಿರುವಾಗ ಬಾಯಿಂದಲೇ ಕೊಡುವುದು ಒಳ್ಳೆಯದು, ಉಪ್ಪು ಏರಿದ ಮಗುವಿಗೆ ನೀರು ನಿಧಾನವಾಗಿ ಹೋಗಬೇಕು, ರಭಸ ಮಾಡಿದರೆ ಮಿದುಳಿಗೆ ತೊಂದರೆ. ಮಗು ಮಂಪರಾದರೆ, ಕುಡಿಯಲು ಆಗದಿದ್ದರೆ, ಕೊಟ್ಟದ್ದೆಲ್ಲ ವಾಂತಿಯಾದರೆ ಆಗ ಡ್ರಿಪ್. ಅಲ್ಲಿಯವರೆಗೆ ಚಮಚ.

ಅಪ್ಪನ ಮುಖದಲ್ಲಿ ನಂಬಿಕೆ ಇರಲಿಲ್ಲ. ಚಮಚದಲ್ಲಿ ಏನಾಗುತ್ತೆ ಅನ್ನುವ ಹಾಗೆ ನೋಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಅವರಿಗೆ 1971ರ ಕಥೆ ಹೇಳಿದೆ. ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತ್ತು, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಲನಾಬಿಸ್ ಬೇರೆ ದಾರಿ ಕಾಣದೆ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಲೋಟದಲ್ಲಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಕುಡಿಸಿದವರಲ್ಲಿ ಬಹಳ ಜನ ರೋಗಿಗಳ ಮನೆಯವರೇ. ಅಪ್ಪ ಸುಮ್ಮನೆ ಕೇಳಿದರು. ಆಮೇಲೆ ಒಳಗೆ ಹೋಗಿ ಅಮ್ಮನ ಕೈಯಿಂದ ಚಮಚ ತೆಗೆದುಕೊಂಡರು.

ನಾಲ್ಕೂವರೆ ಗಂಟೆ, ಒಂದು ಚಮಚ

ನೀರು ಕಡಿಮೆಯಾದ ಮಗುವಿಗೆ ಸಾಮಾನ್ಯವಾಗಿ ಮೊದಲ ನಾಲ್ಕು ಗಂಟೆಯಲ್ಲಿ ಒಂದು ಕೆ.ಜಿ. ತೂಕಕ್ಕೆ 75 ಮಿ.ಲೀ. ಲೆಕ್ಕದಲ್ಲಿ ಓಆರ್‌ಎಸ್ ಕೊಡುತ್ತಾರೆ. ಪುಟ್ಟಿಗೆ ಅದು ಸುಮಾರು 700 ಮಿ.ಲೀ. ಆಗುತ್ತಿತ್ತು. ಸೋಡಿಯಂ ಕಾರಣಕ್ಕೆ ಡಾಕ್ಟರು ಅದಕ್ಕಿಂತ ನಿಧಾನ ಹಿಡಿಸಿದರು: ಎರಡು ನಿಮಿಷಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಕೇಳಲು ಏನೂ ಅಲ್ಲ. ಗುಣಿಸಿದರೆ ಗಂಟೆಗೆ 150 ಮಿ.ಲೀ.

ಈ ಸಲ ಓಆರ್‌ಎಸ್ ಕಲಸಿದ್ದು ಅಮ್ಮನೇ. ನಾನು ಮಾಡಿಕೊಡುತ್ತೇನೆ ಅಂದೆ, ಅವಳು ಬಿಡಲಿಲ್ಲ. ಕೈ ತೊಳೆದಳು, ಪೊಟ್ಟಣ ಓದಿದಳು, ಅಳತೆಯ ಜಗ್ಗಿಗೆ ಒಂದು ಲೀಟರ್ ಗೆರೆಯವರೆಗೆ ನೀರು ಹಾಕಿ ಗೆರೆಗೆ ಕಣ್ಣು ಸಮ ಮಾಡಿ ಬಗ್ಗಿ ನೋಡಿದಳು. ಆಮೇಲೆ ಪುಡಿ ಪೂರ್ತಿ ಹಾಕಿ ಕಲಕಿ ಒಂದು ಹನಿ ತಾನು ನೆಕ್ಕಿದಳು. "ಇದು ಕಣ್ಣೀರಿನ ರುಚಿ ಇದೆ. ಮಧ್ಯಾಹ್ನದ್ದನ್ನು ನಾನು ರುಚಿಯೇ ನೋಡಲಿಲ್ಲ ಅಕ್ಕ" ಅಂದಳು.

ಮೊದಲ ಹದಿನೈದು ನಿಮಿಷ ಚೆನ್ನಾಗಿ ಹೋಯಿತು. ಇಪ್ಪತ್ತನೇ ನಿಮಿಷಕ್ಕೆ ವಾಂತಿ. ಅಪ್ಪ ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. ಬಹಳ ಮನೆಗಳಲ್ಲಿ ಪ್ರಯತ್ನ ಕೈಬಿಡುವುದು ಇದೇ ಜಾಗದಲ್ಲಿ. ಕೊಟ್ಟದ್ದೆಲ್ಲ ಹೋಯಿತು ಅನ್ನಿಸುತ್ತದೆ, ನಿಜಕ್ಕೂ ಎಲ್ಲ ಹೋಗಿರುವುದಿಲ್ಲ, ಒಂದಷ್ಟು ಆಗಲೇ ಕರುಳಿಗೆ ಇಳಿದಿರುತ್ತದೆ. ಹತ್ತು ನಿಮಿಷ ಸುಮ್ಮನೆ ಎತ್ತಿಕೊಂಡು ಓಡಾಡಿದೆವು. ಆಮೇಲೆ ಮತ್ತೆ ಶುರು, ಈ ಸಲ ಇನ್ನೂ ನಿಧಾನ, ಮೂರು ನಿಮಿಷಕ್ಕೆ ಒಂದು ಚಮಚ. ಅರ್ಧ ಗಂಟೆ ನಿಂತ ಮೇಲೆ ಮತ್ತೆ ಎರಡು ನಿಮಿಷಕ್ಕೆ ಬಂದೆವು.

ಚಮಚ ಕಂಡರೆ ಪುಟ್ಟಿ ಬಾಯಿ ಮುಚ್ಚಲು ಶುರು ಮಾಡಿದಾಗ ಸೂಜಿ ಇಲ್ಲದ ಸಿರಿಂಜ್ ತಂದುಕೊಟ್ಟೆ. ನಾಲಿಗೆಯ ಮೇಲೆ ನೇರವಾಗಿ ಚಿಮ್ಮಿಸಿದರೆ ಕೆಮ್ಮು, ವಾಂತಿ ಬರುತ್ತದೆ. ಕೆನ್ನೆಯ ಒಳಗೆ, ಒಸಡಿನ ಪಕ್ಕ ಇಟ್ಟು ಸಣ್ಣಗೆ ಒತ್ತಿದರೆ ಮಗು ತಾನಾಗಿ ನುಂಗುತ್ತದೆ. ಅಜ್ಜಿ ಗೋಡೆ ಗಡಿಯಾರ ನೋಡುತ್ತಾ "ಹೂಂ, ಈಗ" ಅನ್ನುವುದು, ಅಪ್ಪ ಒತ್ತುವುದು, ಅಮ್ಮ ಕಾಗದದ ಮೇಲೆ ಒಂದು ಗೆರೆ ಎಳೆಯುವುದು. ಐದೈದು ಗೆರೆಗೆ ಒಂದು ಕಟ್ಟು. ಬೆಳಗ್ಗೆಯಿಂದ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವರು ಈಗ ಮೂವರೂ ಒಂದೇ ಕೆಲಸದಲ್ಲಿದ್ದರು. ಮಧ್ಯದಲ್ಲಿ ಎರಡು ಸಲ ಎದೆಹಾಲು ಕೊಟ್ಟರು. ಈ ಸಲ ಅಜ್ಜಿಯೇ ಮಗುವನ್ನು ಎತ್ತಿ ಅಮ್ಮನ ಮಡಿಲಿಗೆ ಹಾಕಿದರು.

ಭೇದಿ ನಿಲ್ಲಲಿಲ್ಲ. ಅಷ್ಟರಲ್ಲಿ ಎರಡು ಸಲ ಆಯಿತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ರಾತ್ರಿ 9:40ಕ್ಕೆ ಅಜ್ಜಿ ಡಯಾಪರ್ ಬಿಚ್ಚಿ ಜೋರಾಗಿ ಕೂಗಿದರು. ಮುಂದಿನ ಭಾಗ ಒದ್ದೆ, ಹಿಂದೆ ಏನೂ ಇಲ್ಲ. ಉಚ್ಚೆಯೇ. ಡಾಕ್ಟರು ಸಲಹೆ ಕೊಟ್ಟಿದ್ದಂತೆ ಡಯಾಪರಿನ ಒಳಗೆ ಮುಂದುಗಡೆ ಒಂದು ಹತ್ತಿಯ ಪದರ ಇಟ್ಟಿದ್ದೆವು, ಹಾಗಾಗಿ ಅನುಮಾನವೇ ಉಳಿಯಲಿಲ್ಲ. ಗಾಢ ಹಳದಿ, ಸ್ವಲ್ಪವೇ. ಅಜ್ಜಿ ಆ ಹತ್ತಿಯನ್ನು ಬಹುಮಾನ ತೋರಿಸಿದ ಹಾಗೆ ಎಲ್ಲರಿಗೂ ತೋರಿಸಿದರು. ಅಮ್ಮ ಆ ದಿನ ಮೊದಲ ಸಲ ಅತ್ತಳು.

ನಾಲ್ಕೂವರೆ ಗಂಟೆಯಲ್ಲಿ ಒಳಗೆ ಹೋದದ್ದು 520 ಮಿ.ಲೀ. ಒಂದೇ ವಾಂತಿ. ರಾತ್ರಿ ಅಲ್ಲೇ ಇರಿಸಿಕೊಂಡರು. ಬೆಳಗ್ಗೆ ಸೋಡಿಯಂ 144, ತೂಕ 9.7. ಪುಟ್ಟಿ ಮಂಚದ ಕಂಬಿ ಹಿಡಿದು ನಿಂತು ಪಕ್ಕದ ಮಂಚದ ಮಗುವಿಗೆ ಕೈ ಬೀಸುತ್ತಿದ್ದಳು.

ಮನೆಗೆ ಬಂದ ಮೇಲೆ

ಕಷ್ಟದ ಭಾಗ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಭೇದಿ ಮಾತ್ರ ಶನಿವಾರ ಆರು ಸಲ, ಭಾನುವಾರ ಮತ್ತೆ ಆರು ಸಲ ಆಯಿತು. ಭಾನುವಾರ ಸಂಜೆ ಅಪ್ಪನ ಫೋನ್ ಬಂತು, "ಅಕ್ಕಾ, ಇದು ಹೀಗೇ ಹೋಗ್ತಾ ಇದೆ. ಆಂಟಿಬಯೋಟಿಕ್ ಒಂದು ಕೋರ್ಸ್ ಹಾಕಿಬಿಟ್ಟರೆ ಹೇಗೆ?"

ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ಉತ್ತರ ತಕ್ಷಣ ಬಂತು: ಬೆಳಗ್ಗೆಯಿಂದ ಐದು ಸಲ ಉಚ್ಚೆ, ಬಣ್ಣ ತಿಳಿ. ಅಳುವಾಗ ಕಣ್ಣೀರು ಇದೆ. ಜ್ವರ ಇಲ್ಲ, ರಕ್ತ ಇಲ್ಲ, ಆಡುತ್ತಿದ್ದಾಳೆ. ಹಾಗಿದ್ದರೆ ಆರು ಸಲ ಆದರೂ ನಾವು ಗೆಲ್ಲುತ್ತಿದ್ದೇವೆ ಅಂದೆ. ವೈರಸ್ಸಿನ ಭೇದಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಇನ್ನೂ ಎಳೆಯಬಹುದು. ಮಲದಲ್ಲಿ ರಕ್ತ ಬಂದಿದ್ದರೆ ಮಾತು ಬೇರೆ, ಆಗ ಅದೇ ದಿನ ಡಾಕ್ಟರು ನೋಡಬೇಕು. ಅವರ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಏನನ್ನಾದರೂ ಕೊಟ್ಟರೆ ಮನಸ್ಸಿಗೆ ಸಮಾಧಾನ, ಕಾಯುವುದು ಏನೂ ಮಾಡದೆ ಕೂತಂತೆ ಅನ್ನಿಸುತ್ತದೆ. ಆದರೆ ಅವರು ಪ್ರತಿ ಭೇದಿಗೂ 50ರಿಂದ 100 ಮಿ.ಲೀ. ಓಆರ್‌ಎಸ್ ತುಂಬಿಸಿಕೊಡುತ್ತಿದ್ದರು. ಅದೇ ಚಿಕಿತ್ಸೆ.

ಊಟದ ವಿಷಯದಲ್ಲಿ ಡಾಕ್ಟರು ಹೇಳಿದ್ದು ಅವಳು ದಿನಾ ತಿನ್ನುವುದನ್ನೇ ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ ಅಂತ. ಸಕ್ಕರೆ ಪಾನೀಯ ಬೇಡ. ಮೊದಲ ದಿನ ಎರಡು ತುತ್ತು, ಮೂರನೇ ದಿನಕ್ಕೆ ಅರ್ಧ ಬಟ್ಟಲು. ಉಪವಾಸ ಹಾಕಿದರೆ ಕರುಳಿನ ಗೋಡೆ ದುರಸ್ತಿಯಾಗುವುದೇ ತಡವಾಗುತ್ತದೆ.

ಜಿಂಕ್ ಕೂಡ ಬರೆದಿದ್ದರು, ದಿನಕ್ಕೆ 20 ಮಿ.ಗ್ರಾಂ., 14 ದಿನ. ಆರು ತಿಂಗಳೊಳಗಿನ ಮಗುವಾಗಿದ್ದರೆ 10 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಿಂದಲೂ ಓಆರ್‌ಎಸ್ ಜೊತೆಗೆ ಇದನ್ನು ಕೊಡಲು ಹೇಳುತ್ತಾ ಬಂದಿವೆ. ಬುಧವಾರ ಮಲ ಗಟ್ಟಿಯಾದಾಗ ಅಮ್ಮ ಇನ್ನು ಸಾಕಲ್ವಾ ಅಂತ ಕೇಳಿದಳು. ಸಾಕಲ್ಲ. ಈ ಸಲದ ಭೇದಿ ಬೇಗ ನಿಲ್ಲಲು ಅದು ಸಹಾಯ ಮಾಡುತ್ತದೆ, ನಿಂತ ಮೇಲೂ ಮುಂದುವರಿಸುವುದು ಮುಂದಿನ ಎರಡು ಮೂರು ತಿಂಗಳ ರಕ್ಷಣೆಗೆ.

ಭಾನುವಾರ ರಾತ್ರಿ ಅಮ್ಮನಿಗೇ ವಾಂತಿ ಶುರುವಾಗಿತ್ತು. ಅಣ್ಣನಿಂದ ತಂಗಿಗೆ, ತಂಗಿಯಿಂದ ಅಮ್ಮನಿಗೆ. ಎರಡು ದಿನದಿಂದ ಎಲ್ಲರೂ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಿದ್ದರು. ಇಂಥ ಹೊಟ್ಟೆಯ ವೈರಸ್ಸುಗಳಲ್ಲಿ ಕೆಲವು, ಮುಖ್ಯವಾಗಿ ನೋರೋವೈರಸ್, ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಡಯಾಪರ್ ಬದಲಿಸಿದ ಪ್ರತಿ ಸಲ ಸೋಪು ಹಚ್ಚಿ ಉಜ್ಜಿ ತೊಳೆಯಬೇಕು. ಇದನ್ನು ಮೊದಲ ಸಂಜೆಯೇ ಹೇಳಬೇಕಿತ್ತು, ನಾನು ಹೇಳಲಿಲ್ಲ. ಪೊಟ್ಟಣದ ಗಡಿಬಿಡಿಯಲ್ಲಿ ಮರೆತೆ.

ನಾನು ಬದಲಿಸಿಕೊಂಡದ್ದು

ಈ ಪ್ರಕರಣ ಆದ ಮೇಲೆ ಯಾವ ತಾಯಿ "ಓಆರ್‌ಎಸ್ ಕೊಡ್ತಾ ಇದ್ದೀನಿ" ಅಂದರೂ ಅಲ್ಲಿಗೆ ಬಿಡುವುದಿಲ್ಲ. ಯಾವ ಪೊಟ್ಟಣ, ಎಷ್ಟು ನೀರು, ಯಾವ ಪಾತ್ರೆ, ಯಾವಾಗ ಕಲಸಿದ್ದು ಅಂತ ಕೇಳುತ್ತೇನೆ. ಕಲಸಿ 24 ಗಂಟೆ ಆದರೆ ಚೆಲ್ಲಬೇಕು. ಕೇಳುವಾಗ ಪರೀಕ್ಷೆ ಮಾಡುವ ದನಿ ಬರದಂತೆ ನೋಡಿಕೊಳ್ಳುತ್ತೇನೆ. ಆ ಅಮ್ಮ ಪೊಟ್ಟಣವನ್ನು ಬಚ್ಚಿಡದೆ ತೋರಿಸಿದ್ದರಿಂದಲೇ ವಿಷಯ ಗೊತ್ತಾದದ್ದು. ಯಾರಾದರೂ ಅವಳ ಮೇಲೆ ರೇಗಿದ್ದರೆ ಅವಳು ತೋರಿಸುತ್ತಿದ್ದಳಾ?

ವಾರ್ಡಿನಿಂದ ಮನೆಗೆ ಹೋಗುವವರಿಗೆ ಈಗ ಪೊಟ್ಟಣ ಕೈಯಲ್ಲಿ ಕೊಟ್ಟು, ಸಾಲಿನ ಮೇಲೆ ಬೆರಳಿಟ್ಟು ಓದಿಸುತ್ತೇನೆ. ನಿಮ್ಮ ಮನೆಯಲ್ಲಿ ಒಂದು ಲೀಟರ್ ಹಿಡಿಯುವ ಪಾತ್ರೆ ಯಾವುದು ಅಂತ ಕೇಳುತ್ತೇನೆ. ಹೆಚ್ಚಿನವರು ಯೋಚಿಸಿ ನಿಲ್ಲುತ್ತಾರೆ, ಯಾಕೆಂದರೆ ಮನೆಯ ಜಗ್ಗು, ಚೊಂಬು ಎಷ್ಟು ಹಿಡಿಯುತ್ತದೆ ಅಂತ ನಾವು ಯಾರೂ ಅಳೆದಿರುವುದಿಲ್ಲ. ತುರ್ತಿನಲ್ಲಿ ನಿದ್ದೆಗೆಟ್ಟ ಕಣ್ಣಿಂದ ಅಳೆಯಲೂ ಆಗುವುದಿಲ್ಲ. ಮತ್ತೆ ಕಾಗದದಲ್ಲಿ ಎರಡು ಸಾಲು ಗೆರೆ ಹಾಕಿಕೊಡುತ್ತೇನೆ, ಒಂದು ಕುಡಿದದ್ದಕ್ಕೆ, ಇನ್ನೊಂದು ಉಚ್ಚೆಗೆ. ಭೇದಿಗೆ ಬೇರೆ ಸಾಲು ಹಾಕುವುದಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ.

ಯಾವಾಗ ಕಾಯದೆ ಹೊರಡಬೇಕು ಅನ್ನುವುದನ್ನೂ ಅದೇ ಕಾಗದದ ಕೆಳಗೆ ಬರೆಯುತ್ತೇನೆ. ಮಗು ಎಬ್ಬಿಸಿದರೂ ಏಳದೆ ಮಂಪರಾಗಿದ್ದರೆ, ಕುಡಿಯಲು ಒಲ್ಲದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಂಟು ಗಂಟೆ ಉಚ್ಚೆ ಇಲ್ಲದಿದ್ದರೆ, ಮಲದಲ್ಲಿ ರಕ್ತ ಅಥವಾ ವಾಂತಿಯಲ್ಲಿ ಹಸಿರು ಕಂಡರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ. ಕೆಲವೇ ತಿಂಗಳ ಕೂಸಾದರೆ ಇಷ್ಟರವರೆಗೂ ಕಾಯುವುದು ಬೇಡ, ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ಮೂರು ವಾರ ಬಿಟ್ಟು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಪಾಟಿನಲ್ಲಿ ಒಂದು ದೊಡ್ಡ ಬಾಟಲಿ, ಅದರ ಮೇಲೆ ಕೆಂಪು ಉಗುರಿನ ಬಣ್ಣದಲ್ಲಿ ಒಂದು ಗೆರೆ, ಪಕ್ಕದಲ್ಲಿ ಅಜ್ಜಿಯ ಕೈಬರಹದಲ್ಲಿ "1 ಲೀಟರ್, ಪೂರ್ತಿ ಪೊಟ್ಟಣ". ಎರಡು ಹೊಸ ಪೊಟ್ಟಣಗಳನ್ನು ಅದರ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. ಪುಟ್ಟಿ 10.2 ಕೆ.ಜಿ. ಆಗಿದ್ದಳು. ನಾವು ಮಾತಾಡುತ್ತಿರುವಾಗಲೇ ಕೆಳಗಿನ ಕಪಾಟು ತೆಗೆದು ಒಳಗಿದ್ದ ಪಾತ್ರೆಗಳನ್ನೆಲ್ಲ ಹೊರಗೆ ಎಳೆದು ಹಾಕುತ್ತಿದ್ದಳು.